ಒಂಬತ್ತನೇ ಬೆಸುಗಿ

ಸೇಡಂ ರೋಡಿನ ಬಾಜೂಕ, ಶಹಾಬಾದ ಫರಸಿ ಗೋಡಿ ಹಿಂದ
ಹತ್ತೊಂಬತ್ತು ವರ್ಷದಿಂದ ನಿಂತದ ಈ ಉಲ್ಟಾ ಗಾಡಿ.
ಬಂದಾಗಲೇ ಹಳೇದು. ಯಾವುದೋ ಸಮುದ್ರದ ದಂಡಿ ಊರಾಗ
ಸಾಕಾಗಿ ಮಾರಿದ್ದನ್ನ
ನಾಕು ಲಾರಿಯಾಗ ಹೇರಿಕೊಂಡು ತಂದಿದ್ರು ಮಾಣಿಕರಾವ ಧಣ್ಯಾರು.
ನಬಿಲಾಲ ಉಸ್ತಾದ ಒಂದೊಂದು ತುಂಡಿಗೂ ಕೆಂಪು ಬಣ್ಣದಾಗ ನಂಬರ ಬರೆದು ಬೆಸೆದ.
ಎರಡು ತುಂಡು ಹೆಚ್ಚಿಗಿ ಉಳಿದ್ವು.
ಇವತ್ತಿಗೂ ಶೆಡ್ಡಿನಾಗ ಬಿದ್ದಾವ, ಯಾರೂ ಕೇಳಂಗಿಲ್ಲ.

ಕೂತವರಿಗಿ ಸುಖ ಕೊಡೂ ಗಾಡಿ ಅಲ್ಲ ಇದು.
ಏರುವಾಗ ಹಲ್ಲು ಕಟಕಟ ಅಂತಾವ,
ಇಳಿಯುವಾಗ ಹೆಗಲಪಟ್ಟಿ ಕಿವಿಗಿ ಬಡಿತದ,
ಸುಳಿಯಾಗ ತಿರುಗುವಾಗ
ಮುಂಜಾನಿ ತಿಂದ ಸುಸಲಾ ಯಾವ ಕಡಿ ಹೋಗಲಿ ಅಂತ ಕೇಳತದ.
ಇಳಿದವರು ನನ್ನ ಬೈದು,
ಕುತ್ತಿಗಿ ತಿಕ್ಕೋತ ಮತ್ತ ಪಾಳಿಗಿ ನಿಂದರತಾರ.
ಎಲ್ಲಾರೂ ಅಲ್ಲ. ಸುಳ್ಳ ಯಾಕ ಹೇಳಲಿ. ಹತ್ತರಾಗ ಮೂರು ಮಂದಿ.

ಸಂಜೀಕ ಸುಳಿ ಕೆಳಗ ಕಸ ಹೊಡಿಯೂದು ನಾನೇ.
ಉಲ್ಟಾ ಮಾಡಿ ಕಿಸೆ ಝಾಡಿಸತದ ಇದು,
ಧಣಿ ಆಗಲಿ, ಆಳಾಗಲಿ.
ರೂಪಾಯಿ, ಬಾಚಣಿಕಿ, ಸುಣ್ಣದ ಡಬ್ಬಿ,
ನಾಕು ಮಡಚಿದ ಒಂದು ಕೋರ್ಟ್ ನೋಟೀಸು,
ಒಬ್ಬ ಹೆಡ್ ಮಾಸ್ತರರ ಮ್ಯಾಲಿನ ದವಡಿ ಹಲ್ಲಿನ ಸೆಟ್ಟು.
ಮಾಸ್ತರು ಮರುದಿನ ಬಂದ್ರು, ತೊಳದು ಹಾಕ್ಕೊಂಡ್ರು,
ಹಾಕ್ಕೊಂಡ ಮ್ಯಾಲ ಅಂದ್ರು: 'ಇನ್ನೊಂದು ಟಿಕೇಟು ಕೊಡವ್ವ.'
ನೋಟೀಸಿಗಿ ಮಾತ್ರ ಯಾರೂ ಬರಲಿಲ್ಲ.

ಈಗ ಪ್ರಶ್ನಿ ಬಂದದ: ಇಡಬೇಕೋ, ಒಡಿಬೇಕೋ.
ಗಾಜಿಪುರದ ಗುಜರಿ ಯಾಕೂಬ ಕಣ್ಣಳತಿಯಾಗೇ ತೂಕ ಹೇಳಿ ಹೋಗ್ಯಾನ.
ಧಣ್ಯಾರ ಮಗಳು ಮೊಬೈಲಿನಾಗ ಹೊಸಾದು ತೋರಿಸ್ಯಾಳ,
ಬೆಣ್ಯಾಗ ಚಾಕು ಹೋದಂಗ ಹೋಗತದ, ಸಪ್ಪಳಿಲ್ಲ,
ಕೂತವರು ಕೂತಲ್ಲೇ ನಗತಾರ.
ನೋಡಿದೆ. ಛಲೋ ಅದ. ಅಲ್ಲ ಅನ್ನಲಿಕ್ಕಿ ನನ್ನ ಕಡಿ ಮಾತಿಲ್ಲ.
ಆದ್ರ ಟಂಟಂನಾಗ ತಾಸುಗಟ್ಟಲೆ ಬಡಿಸಿಕೊಂಡು ಬಂದು
ರೊಕ್ಕ ಕೊಟ್ಟು ಇನ್ನಷ್ಟು ಬಡಿಸಿಕೊಳ್ಳೋರು,
ಚೀರಬಾರದ ಮನಿಗಳಿಂದ ಬಂದು ಇಲ್ಲಿ ಚೀರಿ ಹೋಗೋರು,
ಬೆಣ್ಣಿ ಮ್ಯಾಲ ಕುಂತು ಚೀರತಾರೇನು?

ದಿನಾ ಮೊದಲ ಸುತ್ತಿಗಿ ಮನಷ್ಯಾರಿಲ್ಲ.
ತೊಗರಿ ಚೀಲದಾಗ ಭೀಮಾ ಹೊಳಿ ಉಸುಕು ತುಂಬಿ
ಹದಿನಾರು ಸೀಟಿಗಿ ಹದಿನಾರು ಕೂಡಸತೀನಿ, ಪಟ್ಟಿ ಬಿಗಿತೀನಿ.
ಚೀಲ ಚೀರಂಗಿಲ್ಲ. ಅದಕ್ಕ ಕಬ್ಬಿಣದ ಮಾತು ಕೇಳಸತದ.
ಉಸ್ತಾದ ಹೋಗೂಕಿಂತ ಮೊದಲ ಕಲಿಸಿದ್ದು ಇಷ್ಟೇ:
ಠಣ್ ಅಂದ್ರ ಗಟ್ಟಿ. ಠಪ್ ಅಂದ್ರ ನಿಂತು ಕೇಳು.
ಕಣ್ಣಿಗಿ ಬಣ್ಣ ಕಾಣತದ ಸಕ್ರೆವ್ವ, ಕಿವಿಗಿ ಕಬ್ಬಿಣ.

ನಿನ್ನಿ ಹೈದರಾಬಾದಿನಿಂದ ಇಂಜಿನಿಯರ ಬಂದಿದ್ದ.
ಬಿಳಿ ಟೊಪಗಿ, ಸಣ್ಣ ಸುತ್ತಗಿ, ದೊಡ್ಡ ಕಾಗದ.
ನಲವತ್ಮೂರು ಡಿಗ್ರಿ ಬಿಸಲಾಗ ಎಲ್ಲಾ ಬೆಸುಗಿ ಬಡಿದು ನೋಡಿದ, ಪಾಪ,
'ಇನ್ನೆರಡು ವರ್ಷ ಓಡಬಹುದು' ಅಂತ ಸಹಿ ಮಾಡಿದ.
ಧಣ್ಯಾರು ಪೇಢೆ ಹಂಚಿದ್ರು. ನಾನೂ ತಿಂದೆ. ಎರಡು.

ಇವತ್ತ ಮುಂಜಾನಿ ಒಂದು ಸೀಟು ಖಾಲಿ ಬಿಟ್ಟೆ.
ಗುಂಡಿ ಒತ್ತಲಿಕ್ಕಿ ಹುಡುಗ ದಸ್ತಗೀರಗ ಹೇಳಿ ನಾನೇ ಕುಂತೆ,
ಮೊದಲನೇ ಸಲ. ಹೌದು, ಮೊದಲನೇ ಸಲ.
ಸುಳಿಯ ತುದ್ಯಾಗ
ಎರಿಹೊಲ ಆಕಾಶ ಆಗಿತ್ತು, ಕರ್ರಗ, ಬಿರುಕು ಬಿಟ್ಟು.
ಅದಕ್ಕ ಜೋತು ಬಿದ್ದಿದ್ವು ಸಿಮೆಂಟ ಚಿಮಣಿ, ಬೇವಿನ ಗಿಡ, ಟಂಟಂ.
ಹೊಗಿ ಕೆಳಗ ಸುರಿತಿತ್ತು.
ನಾ ಚೀರಿದೆ. ಹದಿನೈದು ಚೀಲ ಸುಮ್ಮ ಕುಂತಿದ್ವು.
ಚೀರಿ ಉಸುರು ತಗೋಳೂದ್ರಾಗ, ಇಳಿಜಾರಿನ ಒಂಬತ್ತನೇ ಬೆಸುಗ್ಯಾಗ
ಠಪ್.

ಭಾರ ಇಲ್ಲದಾಗ ಅದೂ ಠಣ್ ಅಂತದ. ಇಂಜಿನಿಯರನ ತಪ್ಪಲ್ಲ.
ಚಾಕ್‌ಪೀಸ ಹಿಡಕೊಂಡು ಏರಿದೆ, ಸುತ್ತ ಒಂದು ಗುಂಡು ಹಾಕಿದೆ.
ಉಸ್ತಾದನ ಕೆಂಪು ಒಂಬತ್ತು ಅರ್ಧ ಕಾಣತಿತ್ತು.

ಧಣ್ಯಾರು ಇನ್ನೂ ಬಂದಿಲ್ಲ. ಕೀಲಿ ನನ್ನ ಸೆರಗಿನಾಗ.
ಗೇಟಿನಾಚಿ ಪಾಳಿ ಹಚ್ಚ್ಯಾರ. ಎಲ್ಲಾರಗಿಂತ ಮುಂದ ಮಾಸ್ತರು,
ಈ ಸಲ ಹಲ್ಲು
ಕರ್ಚೀಪಿನಾಗ ಕಟ್ಟಿಕೊಂಡು ನಿಂತಾರ.